ಸೋಮವಾರದ ಎತ್ತು

ಶಿಗ್ಗಾಂವಿ ತಾಲೂಕು,
18 ಜನವರಿ 2025, ಶನಿವಾರ

ಪ್ರೀತಿಯ ಅಪ್ಪಾ,

ನಿನ್ನ ಹೇಮಾಳ ನಮಸ್ಕಾರ. ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತೆ? ಮಿಲ್ಲಿನ ತೌಡಿನ ಧೂಳಿಗೆ ಕೆಮ್ಮು ಹೆಚ್ಚಾಗಿರಬೇಕು. ಹಾನಗಲ್ಲಿನ ಈ ಚಳಿಯಲ್ಲಿ ಮಫ್ಲರ್ ಇಲ್ಲದೆ ಗೇಟಿನ ಮುಂದೆ ಕೂರಬೇಡ, ನಿನ್ನ ಹಟ ನನಗೆ ಗೊತ್ತಿದೆ. ಎಳ್ಳ ಅಮಾವಾಸ್ಯೆಗೆ ನೀನು ಬರುತ್ತೀಯೆಂದು ಅವ್ವ ಸಜ್ಜೆ ರೊಟ್ಟಿ ಬಡಿದು ಮಧ್ಯಾಹ್ನ ಮೂರರವರೆಗೆ ಉಣ್ಣದೆ ಕುಳಿತಿದ್ದಳು. ಆಮೇಲೆ ನಿಮ್ಮ ಮಿಲ್ಲಿನ ಶಂಕ್ರಪ್ಪ ಸಾಹುಕಾರರ ಮಗ ಪ್ರಶಾಂತಣ್ಣನ ಫೋನು ಬಂತು, ಮಿಲ್ಲಿಗೆ ಭತ್ತದ ಲೋಡು ಬಂದಿದೆ, ನಿಮ್ಮಪ್ಪ ಬರುವುದಿಲ್ಲ ಎಂದು. ಅವತ್ತಿನಿಂದ ನಿನ್ನ ಮೊಬೈಲು ರಿಪೇರಿಯಲ್ಲಿದೆಯಂತೆ. ಹತ್ತೊಂಬತ್ತು ದಿನ ರಿಪೇರಿಯಾಗುವುದಕ್ಕೆ ಅದರಲ್ಲಿ ಏನಿದೆಯಪ್ಪಾ, ಅದು ಬಟನ್ ಸೆಟ್ಟು! ಮಿಲ್ಲಿನ ನಂಬರಿಗೆ ಹಚ್ಚಿದರೆ ಅವನೇ ಎತ್ತುತ್ತಾನೆ. "ಏನ್ ಹೇಳಬೇಕು ನನಗ ಹೇಳ ತಂಗಿ, ನಾ ಮುಟ್ಟಸ್ತೇನಿ" ಎನ್ನುತ್ತಾನೆ. ಅದಕ್ಕೇ ಈ ಕಾಗದ. ನನ್ನ ಗೆಳತಿ ದಿಲ್ಶಾದಳ ಅಪ್ಪ ಮಜೀದ ಕಾಕಾ ಗಾಡಿಯಲ್ಲಿ ಸವಣೂರಿನ ವೀಳ್ಯದೆಲೆ ಹಾಕಿಕೊಂಡು ನಿಮ್ಮ ಗೇಟಿನ ಮುಂದೆಯೇ ಹಾದು ಹೋಗುತ್ತಾರಲ್ಲ, ನಿನ್ನ ಎಲೆ ಕಟ್ಟಿನೊಳಗೆ ಇಟ್ಟು ಕಳಿಸುತ್ತಿದ್ದೇನೆ. ಕಾಗದ ಒದ್ದೆಯಾಗಿದ್ದರೆ ಅದು ಎಲೆಗೆ ಚಿಮುಕಿಸಿದ ನೀರು, ನಾನು ಅತ್ತದ್ದಲ್ಲ.

ದೀಪಾವಳಿಯಲ್ಲಿ ನಾನು ನಿನಗೆ ಹೇಳಿದ್ದೆ, ನಾನೂ ದಿಲ್ಶಾದಳೂ ಕಾಲೇಜಿಗಾಗಿ ಪಾಡ್‌ಕಾಸ್ಟ್ ಮಾಡುತ್ತಿದ್ದೇವೆ ಎಂದು. "ಅಂದ್ರ ಮೊಬೈಲಿನ್ಯಾಗಿನ ರೇಡಿಯೋ ಹೌದಿಲ್ಲ?" ಎಂದು ನಕ್ಕಿದ್ದೆ ನೀನು. ಯಾವುದರ ಮೇಲೆ ಎಂದು ಕೇಳಿದೆ. ನಮ್ಮೂರ ಕೆರೆಯಲ್ಲಿ ಹೆಣವಾಗಿ ಸಿಕ್ಕ ಮಂಜವ್ವನ ಕೊಲೆಯ ಮೇಲೆ ಎಂದೆ. ನೀನು ಅರ್ಧ ರೊಟ್ಟಿ ಬಿಟ್ಟು ಗಂಗಾಳದಲ್ಲೇ ಕೈ ತೊಳೆದು ಎದ್ದೆ. ನಾನೊಬ್ಬ ಹುಚ್ಚಿ, ಪಲ್ಯಕ್ಕೆ ಖಾರ ಹೆಚ್ಚಾಗಿದೆ ಎಂದುಕೊಂಡೆ.

ನಾನು ಹುಟ್ಟುವ ಮೊದಲಿನ ಮಾತು ಅದು, ಆದರೆ ಈಗ ಕಂಡಂತೆ ಹೇಳಬಲ್ಲೆ. ತನ್ನಪ್ಪನ ಎರಡು ಎಕರೆಯನ್ನು ಶಂಕ್ರಪ್ಪ ಸಾಹುಕಾರರು ಒತ್ತಿಕೊಂಡಿದ್ದಾರೆ ಎಂದು ಅರ್ಜಿ ಬರೆಸಿಕೊಂಡು, ಮಂಜವ್ವ ಮುಂಜಾನೆ ಶಿಗ್ಗಾಂವಿಯ ತಾಲೂಕು ಕಚೇರಿಗೆ ಹೊರಟಳು. ಕೆರೆ ದಂಡೆ ದಾಟಲಿಲ್ಲ. ಮರುದಿನ ಮಣ್ಣೆತ್ತಿನ ಅಮಾವಾಸ್ಯೆ. ಎತ್ತು ಮಾಡಲು ಮಣ್ಣು ತರಲು ಹೋದವರಿಗೆ ಅವಳು ಸಿಕ್ಕಳು. ಆ ವರ್ಷ ನಮ್ಮೂರಿನ ಯಾವ ಮನೆಯಲ್ಲೂ ಮಣ್ಣೆತ್ತು ಮಾಡಲಿಲ್ಲವಂತೆ. ಎಲ್ಲರ ಬೆರಳು ಸಾಹುಕಾರರ ಕಡೆಗೇ ಇತ್ತು, ಆದರೆ ಒಂದು ಸಾಕ್ಷಿ ಅವರನ್ನು ಉಳಿಸಿತು. ಪ್ರಕರಣ ಪತ್ತೆಯಾಗದೆ ಮುಚ್ಚಿತು. ಮಂಜವ್ವನ ತಮ್ಮ ಭರಮಪ್ಪ, ಈಗ ಬಂಕಾಪುರದಲ್ಲಿ ಸೈಕಲ್ ಅಂಗಡಿ ಇಟ್ಟಿದ್ದಾನಲ್ಲ, ಆ ಹೇಳಿಕೆಯ ಪ್ರತಿಯನ್ನು ಟ್ರಂಕಿನಿಂದ ತೆಗೆದುಕೊಟ್ಟ. ಸಾಕ್ಷಿಯ ಹೆಸರಿದ್ದ ಹಾಳೆಯನ್ನು ಗೆದ್ದಲು ತಿಂದಿದೆ ಎಂದ. ಉಳಿದ ಹಾಳೆಯನ್ನು ಎರಡನೇ ಸಂಚಿಕೆಯಲ್ಲಿ ನಾನೇ ಓದಿದೆ: "ದಿನಾಂಕ 12-7-1999ರಂದು ಮುಂಜಾನೆಯಿಂದ ಮಧ್ಯಾಹ್ನದವರೆಗೆ ಎತ್ತು ಹೂಡಿ ಹತ್ತಿ ಹೊಲದಲ್ಲಿ ಕಳೆ ತೆಗೆಯಲು ಎಡೆ ಹೊಡೆಯುತ್ತಿದ್ದೆನು. ಶಂಕ್ರಪ್ಪನವರು ಅಷ್ಟು ಹೊತ್ತೂ ಬದುವಿನ ಮೇಲೆ ನನ್ನ ಕಣ್ಣೆದುರಿಗೇ ಕುಳಿತಿದ್ದರು."

ಐದು ದಿನಕ್ಕೆ ರಟ್ಟೀಹಳ್ಳಿಯಿಂದ ಸರೋಜವ್ವ ಎನ್ನುವ ಮುದುಕಿ ಮೊಮ್ಮಗಳ ಮೊಬೈಲಿನಿಂದ ಧ್ವನಿ ಕಳಿಸಿದಳು. ನೂರು ಸಲ ಕೇಳಿದ್ದೇನೆ, ಬಾಯಿಪಾಠವಾಗಿದೆ. "ತಂಗಿ, ಆ ವರ್ಷ ಮಣ್ಣೆತ್ತಿನ ಅಮಾಸಿ ಮಂಗಳವಾರ ಇತ್ತ. ನನ್ನ ಹಿರೇ ಮಗಾ ಹುಟ್ಟಿದ್ದ ಅವತ್ತ. ಅಂದ್ರ ನೀ ಓದಿದ್ದ ದಿನಾ ಸೋಮವಾರ ಆತು. ಸೋಮವಾರ ಯಾವ ಒಕ್ಕಲಿಗ ಎತ್ತ ಹೂಡ್ತಾನವಾ? ಬಸವಣ್ಣನ ವಾರ ಅದು. ಅಂವಾ ಸುಳ್ಳ ಹೇಳ್ಯಾನ." ಕ್ಯಾಲೆಂಡರ್ ನೋಡಿದರೆ ಹೌದು, ಸೋಮವಾರ! ನನಗೆ ಹೇಗೆ ಹೊಳೆಯಬೇಕು, ನಾನು ಟ್ರ್ಯಾಕ್ಟರ್ ಕಾಲದವಳು, ಟ್ರ್ಯಾಕ್ಟರಿಗೆ ವಾರವಿಲ್ಲ. ಖುಷಿಗೆ ಕುಣಿದಾಡಿ, ಹಿಂದೆ ಮುಂದೆ ನೋಡದೆ ಆ ಧ್ವನಿಯನ್ನು ಎಲ್ಲರಿಗೂ ಕೇಳುವಂತೆ ನಮ್ಮ ಪುಟದಲ್ಲಿ ಹಾಕಿಬಿಟ್ಟೆ. ಎರಡು ದಿನಕ್ಕೆ ನಿನ್ನ ಮೊಬೈಲು ಬಂದಾಯಿತು.

ನಾನು ಅವೆರಡನ್ನೂ ಕೂಡಿಸಿ ನೋಡಲೇ ಇಲ್ಲ. ಮೊನ್ನೆ ಗುರುವಾರ ಪ್ರಶಾಂತಣ್ಣ ಕಾರು ನಿಲ್ಲಿಸಿ ಒಳಗೆ ಬಂದ, ಅವ್ವನ ಕೈಯಿಂದ ಚಹಾ ಕುಡಿದ. "ಫಕ್ಕೀರೇಶಗ ವಯಸ್ಸಾತು ನೋಡ್ರಿ ಅಕ್ಕಾರ. ಮಿಲ್ಲಿನ್ಯಾಗ ಬೆಲ್ಟ್ ತಿರಗತಿರತಾವು, ಕಣ್ಣ ತಪ್ಪಿದ್ರ ಕೈ ಹೊಕ್ಕಾವು. ಮನ್ಯಾಗಿನ ಮಂದಿ ಸುಮ್ಮನಿದ್ರ ಅಂವಾ ಆರಾಮ ಇರತಾನ" ಎಂದು ನಗುನಗುತ್ತಲೇ ಹೇಳಿ ಹೋದ. ಇವನಿಗೇಕೆ ನಮ್ಮ ಪಾಡ್‌ಕಾಸ್ಟಿನ ಮೇಲೆ ಇಷ್ಟು ಸಿಟ್ಟು ಎಂದು ಅವ್ವನನ್ನು ಕೇಳುತ್ತಾ, ಸರೋಜವ್ವನ ಧ್ವನಿ ಹಚ್ಚಿದೆ. ಅವ್ವ ಲೋಟ ತೊಳೆಯುತ್ತಿದ್ದವಳು ನಿಂತುಬಿಟ್ಟಳು. "ಈ ಮಾತ ಯಾರರ ಒಬ್ರು ಕೇಳ್ಲಿ ಅಂತ ನಿಮ್ಮಪ್ಪ ಇಪ್ಪತ್ತೈದ ವರ್ಷದಿಂದ ಕಾಯಾಕತ್ತಾನ" ಎಂದಳು.

ಹೆಸರಿನ ಹಾಳೆಯನ್ನು ಗೆದ್ದಲು ತಿಂದಿರಲಿಲ್ಲ ಅಪ್ಪಾ. ಮಗಳ ಬಾಯಿಂದಲೇ ಅಪ್ಪನ ಹೆಸರು ಬರಬಾರದೆಂದು ಭರಮಪ್ಪ ಎತ್ತಿಟ್ಟಿದ್ದ. ತನ್ನ ಅಕ್ಕನನ್ನು ಕಳೆದುಕೊಂಡವನು ನನ್ನ ಮುಖ ನೋಡಿ ಅಷ್ಟು ಮಾಡಿದ.

ಅವ್ವ ಎಲ್ಲ ಹೇಳಿದಳು. ಹೊಲದಲ್ಲಿದ್ದೆ ಎಂದು ಹೇಳು ಎಂದದ್ದು ಸಾಹುಕಾರರು, ಎತ್ತು ಹೂಡಿದ್ದೆ ಎಂಬುದನ್ನು ಬೇಕೆಂದೇ ಸೇರಿಸಿದ್ದು ನೀನು. ಬರೆದುಕೊಳ್ಳುವ ಪೊಲೀಸಿನವನು ತಲೆಯೆತ್ತಿ "ಸೋಮವಾರ ಎಂಥಾ ಎತ್ತೋ?" ಎನ್ನುತ್ತಾನೆಂದು ನೀನು ಅವನ ಮುಖವನ್ನೇ ನೋಡುತ್ತಾ ನಿಂತಿದ್ದೆಯಂತೆ. ಅವನು ಪೇಟೆಯವನು, ಬರೆದು ಸಹಿ ತೆಗೆದುಕೊಂಡ. ಸೋಮವಾರ ಎತ್ತುಗಳನ್ನು ನೀನು ಕೆರೆಗೆ ಹೊಡೆದುಕೊಂಡು ಹೋಗಿ ಮೈ ತೊಳೆಯುತ್ತಿದ್ದೆ. ಅವತ್ತೂ ಹೋಗಿದ್ದೆ. ಕೆರೆಯಲ್ಲಿ ನಡೆದದ್ದನ್ನು ನೀನು ಕಣ್ಣಾರೆ ಕಂಡೆ. ಅದು ಪ್ರಶಾಂತನಿಗೂ ಈಗ ಹೊಳೆದಿದೆ. ಹೊಲದಲ್ಲಿರದ ಎತ್ತು ಎಲ್ಲಿತ್ತು ಎಂದು ಒಕ್ಕಲುತನದವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ನಿನ್ನ ಮೇಲೆ ನನಗೆ ಸಿಟ್ಟಿದೆ. ಮುಚ್ಚಿಟ್ಟು ಬರೆಯಲಾರೆ. ತೂತಿಟ್ಟು ಹೇಳಿದರೂ ಸುಳ್ಳು ಸುಳ್ಳೇ. ಮಂಜವ್ವನ ತಾಯಿ ನಮ್ಮ ಮನೆ ಮುಂದೆ ಹಾಯುವಾಗಲೆಲ್ಲ ನೀನು ಒಳಗೆ ಹೋಗುತ್ತಿದ್ದೆ, ನನಗೆ ನೆನಪಿದೆ. ಅವಳು ಏನೂ ತಿಳಿಯದೆ ಸತ್ತಳು. ಆದರೆ ಅವತ್ತು ನಿನಗೆ ಇಪ್ಪತ್ತಾರು, ಅವರ ಮನೆಯ ಆಳು, ಅವ್ವ ಹೊಸ ಮದುಮಗಳು. ಆ ಜಾಗದಲ್ಲಿ ನಾನಿದ್ದರೆ ಆ ತೂತನ್ನಾದರೂ ಇಡುತ್ತಿದ್ದೆನೋ ಇಲ್ಲವೋ. ಮೂರನೇ ಸಂಚಿಕೆ ಸೋಮವಾರ ಹತ್ತು ಗಂಟೆಗೆ ಹೊರಬರಬೇಕು. ನೀನು ಹೂಂ ಎನ್ನದೆ ನಿನ್ನ ಹೆಸರು ನನ್ನ ಬಾಯಿಂದ ಬರುವುದಿಲ್ಲ, ಇದು ಆಣೆ. ಬಂದು ನೀನೇ ಹೇಳಿದರೆ ನಿನ್ನ ಪಕ್ಕದಲ್ಲಿ ನಾನು ಕೂರುತ್ತೇನೆ, ಪೊಲೀಸರ ಮುಂದೆಯೂ ಕೂರುತ್ತೇನೆ. ಯೋಚನೆ ಮಾಡು.

ಔಷಧಿ ತಪ್ಪಿಸಬೇಡ. ಬೆಲ್ಟಿನ ಹತ್ತಿರ ಒಬ್ಬನೇ ಹೋಗಬೇಡ. ದಿಲ್ಶಾದ ಸಲಾಂ ಹೇಳಿದ್ದಾಳೆ. ಅವ್ವ ಬಾಗಿಲಲ್ಲಿ ನಿಂತು ನಾನು ಬರೆಯುವುದನ್ನೇ ನೋಡುತ್ತಿದ್ದಾಳೆ.

ನಿನ್ನ ಮುದ್ದಿನ ಮಗಳು,
ಹೇಮಾ

ತಾ.ಕ.: ಅಪ್ಪಾ, ಕಾಗದ ಮಡಚುವಷ್ಟರಲ್ಲಿ ಅವ್ವ ಬಂದು ಮೈಕಿನ ಮುಂದೆ ಕುಳಿತಳು. ಎತ್ತು, ಕೆರೆ, ನೀನು ಕಂಡದ್ದು, ಎಲ್ಲವನ್ನೂ ಏಳು ನಿಮಿಷದಲ್ಲಿ ಹೇಳಿ ತನ್ನ ಹೆಸರನ್ನೂ ನಿನ್ನ ಹೆಸರನ್ನೂ ಹೇಳಿದಳು. ಅಪ್ಪನನ್ನು ಕೇಳೋಣ ತಡಿಯವ್ವಾ ಎಂದೆ. "ನಾನೂ ಅಷ್ಟ ವರ್ಷ ತಡದೇನಿ" ಎಂದಳು. ದಿಲ್ಶಾದ ಅದನ್ನು ತನ್ನ ಪರಿಚಯದ ಹಾವೇರಿಯ ವಕೀಲರೊಬ್ಬರಿಗೆ ಕಳಿಸಿಯೂ ಆಯಿತು. ನನ್ನ ಆಣೆ ಹೋಯಿತು, ಇನ್ನು ಯೋಚನೆ ಮಾಡಬೇಡ. ಮಜೀದ ಕಾಕಾ ಗಾಡಿ ಬಂದ್ ಮಾಡದೆ ರಸ್ತೆಯ ಆಚೆ ನಿಂತಿರುತ್ತಾರೆ. ಎಲೆಯ ರೊಕ್ಕ ಕೊಡುವ ನೆಪದಲ್ಲಿ ಗೇಟು ದಾಟಿ ಹತ್ತಿ ಕೂತುಬಿಡು, ಹಾಸಿಗೆ, ಚೀಲ ಏನೂ ಬೇಡ. ನಾಡಿದ್ದು ಸೋಮವಾರ ಅಪ್ಪಾ. ಸೋಮವಾರ ಯಾರ ಕೊರಳಿಗೂ ನೊಗ ಇಡುವುದಿಲ್ಲ.