ಹಡಗು ದಾಟುವವರೆಗೆ ಕಾಲುವೆ ಬಂದ್

ಪಾಯಿಂಟ್ ಒಬೇರ್, ಲೂಸಿಯಾನಾ
ನವೆಂಬರ್ ೧೯, ಮಂಗಳವಾರ

ಪ್ರೀತಿಯ ಓವೀದ್,

ಭಾನುವಾರ ನಿನ್ನ ತಮ್ಮ ವಿಲ್ಟನ್ ನಮ್ಮ ಮನೆಗೆ ಬಂದು ಊಟ ಮಾಡಿಕೊಂಡು ಹೋದ. ಇಷ್ಟು ಓದಿದ ಕೂಡಲೇ ನೀನು ಕಾಗದವನ್ನು ಆಚೆ ಎಸೆಯುತ್ತೀಯ ಅಂತ ಗೊತ್ತು. ಎಸೆ. ಸಿಟ್ಟು ಇಳಿದ ಮೇಲೆ ಎತ್ತಿಕೊಂಡು ಇಲ್ಲಿಂದ ಮುಂದೆ ಓದು.

ಇಲ್ಲಿ ಎಲ್ಲ ಚೆನ್ನಾಗಿದೆ. ಮನೆ ತನ್ನ ಕಂಬಗಳ ಮೇಲೆ ನೆಟ್ಟಗೆ ನಿಂತಿದೆ. ಸೆಪ್ಟೆಂಬರಿನ ಬಿರುಗಾಳಿಗೆ ಹಿಂಬದಿಯ ತಗಡು ಎದ್ದಿತ್ತು, ನಾನೇ ಏಣಿ ಹತ್ತಿ ಮೊಳೆ ಹೊಡೆದೆ. ಪಕ್ಕದ ಬ್ರೂಸಾರ್ ಮನೆಯವರು ಗ್ಯಾಸ್ ಕಂಪನಿಗೆ ಜಾಗ ಬರೆದುಕೊಟ್ಟು ಲೇಕ್ ಚಾರ್ಲ್ಸ್‌ಗೆ ಹೋದರು. ಅವರ ನಿಂಬೆ ಗಿಡ ಈಗಲೂ ಕಾಯಿ ಬಿಡುತ್ತಿದೆ. ಕೇಳುವುದಕ್ಕೆ ಯಾರೂ ಇಲ್ಲವಲ್ಲ ಅಂತ ನಾನೇ ಕಿತ್ತುಕೊಳ್ಳುತ್ತೇನೆ. ಈ ರಸ್ತೆಯಲ್ಲಿ ಇರುವವಳು ಇನ್ನು ನಾನೊಬ್ಬಳೇ. ಆದರೆ ಕತ್ತಲೆಯೇನೂ ಇಲ್ಲ. ಕಂಪನಿಯ ಸ್ಥಾವರದ ಗೋಪುರದ ತುದಿಯಲ್ಲಿ ಗ್ಯಾಸ್ ಉರಿಸುವಾಗ ಅಡುಗೆಮನೆಯಲ್ಲಿ ದೀಪ ಹಾಕದೆ ಸೂಜಿಗೆ ದಾರ ಪೋಣಿಸಬಹುದು. ಹೋದ ವಾರ ಅಂಗಡಿಯ ಹುಡುಗಿ ಚೀಲ ಬೇಕಾ ಅಂತ ಕೇಳಿದಾಗ ನನಗೆ ದನಿಯೇ ಹೊರಡಲಿಲ್ಲ. ನೆಗಡಿ ಅಂದುಕೊಂಡೆ. ಆಮೇಲೆ ನೆನಪಾಯಿತು, ಸುಮಾರು ದಿನದಿಂದ ನಾನು ಯಾರ ಜೊತೆಗೂ ಮಾತಾಡಿರಲಿಲ್ಲ.

ನಿನ್ನ ದೋಣಿಯ ಎಂಜಿನ್ ಇನ್ನೂ ಎಣ್ಣೆ ಕುಡಿಯುತ್ತಿದೆಯೇ? ಅಲಬಾಮಾದಲ್ಲಿ ನಿನ್ನ ತಂಗಿ ಓದೆತ್‌ಳ ಊರಿನ ಮೆಕ್ಯಾನಿಕ್ಕುಗಳಾದರೂ ಅದಕ್ಕೆ ಬುದ್ಧಿ ಹೇಳಿದರೋ?

ಇರಲಿ, ನಡೆದದ್ದನ್ನು ಕ್ರಮವಾಗಿ ಹೇಳುತ್ತೇನೆ. ಕಂಪನಿಗೆ ಇನ್ನೊಂದು ಘಟಕ ಕಟ್ಟಬೇಕಿದೆ. ಇನ್ನಷ್ಟು ಗ್ಯಾಸನ್ನು ಕೊರೆಯುವಷ್ಟು ತಣಿಸಿ, ನೀರಿನ ಹಾಗೆ ದ್ರವ ಮಾಡಿ, ಹಡಗಿಗೆ ತುಂಬಿ ಹೊರದೇಶಕ್ಕೆ ಕಳಿಸಬೇಕು. ಅದಕ್ಕೆ ವಾಷಿಂಗ್ಟನ್ನಿನ ಅಪ್ಪಣೆ ಬೇಕು. ಊರವರ ಮಾತು ಕೇಳುವುದಕ್ಕೆ ಅಂತ ಏಪ್ರಿಲ್‌ನಲ್ಲಿ ಅಲ್ಲಿಂದ ಅಧಿಕಾರಿಗಳು ಬಂದಿದ್ದರು. ಶಾಲೆಯ ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ ಕುರ್ಚಿ ಹಾಕಿದ್ದರು. ನಾನೂ ಹೋದೆ. ಮಾತಾಡುವುದಕ್ಕಲ್ಲ, ಜನ ಸೇರುತ್ತಾರಲ್ಲ ಅಂತ.

ಮೇಜಿನ ಹಿಂದೆ ಕೂತ ಅಧಿಕಾರಿ ಸಣ್ಣ ವಯಸ್ಸಿನ ಹೆಂಗಸು, ಒಳ್ಳೆಯ ಮುಖ. ಅವಳು ಮೊದಲು ಕಾನೂನು ವಿವರಿಸಿದಳು: “ಗ್ಯಾಸ್ ಹೊರಗೆ ಕಳಿಸೋದು ಸಾರ್ವಜನಿಕ ಹಿತಕ್ಕೆ ವಿರುದ್ಧ ಅಂತ ಕಂಡುಬಂದ್ರೆ ಮಾತ್ರ ನಾವು ಬೇಡ ಅನ್ನೋಕಾಗೋದು.” ಹಿಂದಿನ ಸಾಲಿನಿಂದ ಮುದುಕ ಅಡ್ರಾಸ್ ಎದ್ದು ನಿಂತ. ಅವನು ಬಲೆ ಹೆಣೆಯುವುದನ್ನು ಬಿಟ್ಟ ಮೇಲೆ ಮಾತು ಹೆಣೆಯುವುದೇ ಕೆಲಸ ಮಾಡಿಕೊಂಡಿದ್ದಾನೆ. “ಅಂದ್ರೆ ಹೂಂ ಅನ್ನೋದು ಆಗ್ಲೇ ಅಚ್ಚಾಗಿದೆ. ಊಹೂಂ ಅನ್ನೋದನ್ನ ನಾವು ಮನೇಲಿ ಬರ್ಕೊಂಡು ತರ್ಬೇಕು, ಅಷ್ಟೇ ತಾನೆ, ಮಗಳೇ?” ಅಂದ. ಎಲ್ಲರೂ ನಕ್ಕರು. ಅವಳೂ ನಕ್ಕು, “ಹೆಚ್ಚೂಕಡಿಮೆ ಹಾಗೇ” ಅಂದಳು.

ಕಂಪನಿಯ ಕಡೆಯ ಅರ್ಥಶಾಸ್ತ್ರಜ್ಞ ಒಬ್ಬ ಗೋಡೆಯ ಮೇಲೆ ಚಿತ್ರ ತೋರಿಸಿದ. ಹೊರದೇಶದಿಂದ ಬರುವ ಆದಾಯ ಬೆಟ್ಟದಷ್ಟು, ನಮ್ಮ ಒಲೆಯ ಗ್ಯಾಸಿಗೆ ಏರುವ ಬೆಲೆ ಚಿಲ್ಲರೆ ಅಂದ. ಕ್ರೌಲಿಯಿಂದ ಬಂದ, ಭತ್ತ ಬೆಳೆಯುವ ಹೆಂಗಸಿಗೆ ತಡೆಯಲಾಗಲಿಲ್ಲ. “ನಾನು ಭತ್ತ ಒಣಗಿಸೋದು ಗ್ಯಾಸಲ್ಲೇ ಸ್ವಾಮಿ. ಜಪಾನಿನವನು ಹೆಚ್ಚಿಗೆ ಕೊಡ್ತಾನೆ ಅಂದ್ರೆ ನಾನು ಅವನ ಜೊತೆ ಹರಾಜು ಕೂಗ್ಲಾ? ನಿಮ್ಮ ಚಿಲ್ಲರೆ ನನ್ನ ಒಂದು ವರ್ಷದ ಲಾಭ” ಅಂದಳು. ಶಾಲೆಯ ಮಂಡಳಿಯ ಹಿರಿಯರು ಎದ್ದು, ಹೊಸ ಚಾವಣಿ, ಹೊಸ ದೀಪ ಹಾಕಿಸಿಕೊಟ್ಟದ್ದಕ್ಕೆ ಕಂಪನಿಗೆ ವಂದನೆ ಹೇಳಿದರು. ಅಡ್ರಾಸ್ ಮತ್ತೆ ಎದ್ದ: “ತೆರಿಗೆ ಮಾಫಿ ಮಾಡಿಸ್ಕೊಂಡವ್ರು ಚಾವಣಿನಾದ್ರೂ ಹಾಕ್ಸಬಾರ್ದಾ?” ಯಾರೂ ಸುಳ್ಳು ಹೇಳುತ್ತಿದ್ದಾರೆ ಅಂತ ನನಗೆ ಅನ್ನಿಸಲಿಲ್ಲ, ಓವೀದ್. ಅದೇ ಕಷ್ಟ.

ಆಮೇಲೆ ವಿಲ್ಟನ್‌ನ ಹೆಸರು ಕರೆದರು. ಕಂಪನಿಯ ನೀಲಿ ಅಂಗಿ ಹಾಕಿಕೊಂಡೇ ಬಂದಿದ್ದ. ಅವನ ಮೇಲಿನವರು ಮೊದಲ ಸಾಲಿನಲ್ಲಿ ಕೂತಿದ್ದರು. ನಾನು ಎದ್ದು ಹೋಗೋಣ ಅಂದುಕೊಂಡೆ, ಆದರೆ ಕೂತೇ ಕೇಳಿದೆ.

ಹೋದ ವರ್ಷದ ಆ ಆಗಸ್ಟಿನ ದಿನದ ವಿಷಯ ನಿನಗೆ ಹೇಳಬೇಕಾಗಿಲ್ಲ. ಆದರೆ ನೀನು ಕಂಡದ್ದು ನೀರಿನ ಮೇಲಿಂದ, ನಾನು ಕಂಡದ್ದು ದೋಣಿ ಕಟ್ಟುವ ಧಕ್ಕೆಯಿಂದ. ಬಿಳಿ ಸೀಗಡಿಯ ಹಂಗಾಮಿನ ಮೊದಲ ಬೆಳಗು. ನಿನ್ನ ಬಲೆ ಆಗಷ್ಟೇ ನೀರಿಗಿಳಿದಿತ್ತು. ಗ್ಯಾಸಿನ ಹಡಗು ಹೇಳಿದ ವೇಳೆಗಿಂತ ಮುಂಚೆಯೇ ಬಂತು. ಅದು ಬಂದರೆ ಕಾಲುವೆ ಬಂದ್, ಅದು ಸರಕಾರದ ನಿಯಮ. ಕಂಪನಿಯ ಬೆಂಗಾವಲು ದೋಣಿಯ ಧ್ವನಿವರ್ಧಕದಲ್ಲಿ ಬಲೆ ಎತ್ತಿ ದಡಕ್ಕೆ ಸರಿಯಿರಿ ಅಂತ ಕೂಗಿದ್ದು ನಿನ್ನ ತಮ್ಮನೇ. ನಿನ್ನ ದೋಣಿಯಲ್ಲೇ ಹಗ್ಗ ಎಳೆಯುವುದನ್ನು ಕಲಿತವನು. ನೀನು ಎತ್ತಲಿಲ್ಲ. ಹಡಗನ್ನು ಎಳೆದು ತರುವ ಎಳೆದೋಣಿ ಬಂದು ಬಲೆಯನ್ನು ತುಂಡು ಮಾಡಿಕೊಂಡು ಹೋಯಿತು, ಮೇಲೆ ದಂಡದ ಚೀಟಿ ಬೇರೆ. ಸಂಜೆ ಧಕ್ಕೆಯ ಮೇಲೆ ನೀನು ಅವನನ್ನು ಒಂದೇ ಮಾತು ಕೇಳಿದೆ: “ಅದು ನಾನು ಅಂತ ನಿನಗೆ ಗೊತ್ತಾಗ್ಲಿಲ್ವೇನೋ?” ಮಾರನೆಯ ದಿನ ನೀನು ಊರು ಬಿಡಲು ದೋಣಿಯ ಹಗ್ಗ ಬಿಚ್ಚುವಾಗ ನನ್ನನ್ನೂ ಕೇಳಿದೆ, “ಬರ್ತೀಯಾ?” ಅಂತ. ನಾನು “ಎಲ್ಲಿಗೆ?” ಅಂದೆ. ನೀನು ಅದನ್ನು ಇಲ್ಲ ಅಂತ ಅರ್ಥ ಮಾಡಿಕೊಂಡೆ. ನಾನು ನಿಜವಾಗಿಯೂ ಎಲ್ಲಿಗೆ ಅಂತಲೇ ಕೇಳಿದ್ದು.

ವಿಲ್ಟನ್ ಮೈಕಿನ ಮುಂದೆ ನಿಂತು ಮೊದಲು ತನ್ನ ಮಗಳು ಕೊರಿನ್‌ಳ ಮಾತು ತೆಗೆದ. ಅವಳ ಸಕ್ಕರೆ ಕಾಯಿಲೆಯ ಔಷಧಿ ಈಗ ಕಂಪನಿಯ ವಿಮೆಯಲ್ಲಿ ಬರುತ್ತದೆ ಅಂದ. ಮುಂದಿನ ಸಾಲಿನವರು ತಲೆದೂಗಿದರು. ಆಮೇಲೆ ಅವನು ಅಂದದ್ದನ್ನು ನನಗೆ ನೆನಪಿದ್ದಂತೆ ಬರೆಯುತ್ತೇನೆ.

“ನನ್ನ ಕೈಲಿ ಧ್ವನಿವರ್ಧಕ ಇರುತ್ತೆ. ಅದರಲ್ಲಿ ಹೇಳೋ ಮಾತು ಮೊದಲೇ ಬರ್ದುಕೊಟ್ಟಿರ್ತಾರೆ. ಯಾರ ಹೆಸರೂ ಹಿಡಿದು ಕರೆಯೋ ಹಾಗಿಲ್ಲ, ಎಲ್ಲರೂ ಬರೀ ದೋಣಿ. ಹೋದ ವರ್ಷ ಎದುರಿಗಿದ್ದ ದೋಣಿ ನಮ್ಮಣ್ಣಂದು. ಎಂಜಿನ್ ಪಕ್ಕ ಇದ್ದೂ ಇದ್ದೂ ಅವನ ಕಿವಿ ಹೋಗಿದೆ. ಅವನಿಗೆ ಕೇಳಿಸಿರಲ್ಲ ಅಂತ ನನಗೆ ಗೊತ್ತಿತ್ತು. ಬಲೆ ಎತ್ತೋಕೆ ಎಷ್ಟು ಹೊತ್ತು ಬೇಕು ಅಂತಾನೂ ಗೊತ್ತಿತ್ತು. ಹಡಗು ಅಷ್ಟು ಹೊತ್ತು ಕಾಯಲ್ಲ. ನಾನು ಬರ್ದುಕೊಟ್ಟಿದ್ದನ್ನೇ ಮತ್ತೆ ಮತ್ತೆ ಓದಿದೆ.”

ಅಧಿಕಾರಿ ಕೇಳಿದಳು, “ಹಾಗಾದ್ರೆ ನೀವು ಈ ಯೋಜನೆಗೆ ವಿರುದ್ಧನಾ?” ಅಂತ.

“ಅಲ್ಲ ಮೇಡಂ. ಅಪ್ಪಣೆ ಕೊಡಿ. ನನಗೆ ಈ ಕೆಲಸ ಬೇಕು. ಆದ್ರೆ ನಿಮ್ಮ ಲೆಕ್ಕದಲ್ಲಿ ನಮ್ಮಣ್ಣನ್ನೂ ಬರ್ಕೊಳ್ಳಿ. ಅವನು ಊರು ಬಿಟ್ಟು ಹೋದ. ಅದೂ ಇಲ್ಲಿಂದ ಹೊರಗೆ ಹೋದದ್ದೇ.”

ಹಾಗಂದು ಅವನು ಕುರ್ಚಿಗೂ ಹೋಗದೆ ನೇರ ಬಾಗಿಲ ಕಡೆಗೆ ನಡೆದುಬಿಟ್ಟ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಯಾವ ಕಡೆಯವರು ತಟ್ಟಬೇಕು ಅಂತ ಗೊತ್ತಾಗಲಿಲ್ಲವೇನೋ. ನಾನು ಹಿಂದೆಯೇ ಓಡಿ ಅವನನ್ನು ಹಿಡಿದು ನಿಲ್ಲಿಸಬೇಕಿತ್ತು. ನಿನ್ನ ಮೇಲಿನ ಅಭಿಮಾನಕ್ಕೆ ಕೂತೇ ಇದ್ದೆ.

ಅಪ್ಪಣೆ ಅಕ್ಟೋಬರಿನಲ್ಲಿ ಬಂತು. ಮೀನುಗಾರಿಕೆಗೆ ಆಗುವ ನಷ್ಟ ಈ ಊರಿಗಷ್ಟೇ ಸೀಮಿತ, ಅದರಿಂದ ದೇಶದ ಹಿತಕ್ಕೆ ಧಕ್ಕೆಯಿಲ್ಲ ಅಂತ ತೀರ್ಮಾನ. ಅಡ್ರಾಸ್ ಅದನ್ನು ಓದಿ ಹೇಳುವುದಕ್ಕೆ ಅಂತಲೇ ನಮ್ಮ ಮೆಟ್ಟಿಲು ಹತ್ತಿ ಬಂದ. “ನಾವು ದೇಶದಿಂದ ಹೊರಗಿದ್ದೀವಿ ಅಂತ ನನಗೆ ಇಷ್ಟು ದಿನ ಗೊತ್ತೇ ಇರ್ಲಿಲ್ಲ ನೋಡು, ಯೂಲಾ” ಅಂದ. ಕಾಫಿ ಕುಡಿದು ಹೋದ. ಈ ಚಳಿಗಾಲ ಅವನೂ ಮಗಳ ಮನೆಗೆ ಹೋಗುತ್ತಾನಂತೆ.

ವಿಲ್ಟನ್‌ನನ್ನು ಬೆಂಗಾವಲು ದೋಣಿಯಿಂದ ಇಳಿಸಿದ್ದಾರೆ. ಕೆಲಸದಿಂದ ತೆಗೆದಿಲ್ಲ, ವಿಮೆಯೂ ಇದೆ. ಈಗ ದೊಡ್ಡ ಗೇಟಿನ ಪಕ್ಕ ಗಾಜಿನ ಗೂಡಿನಲ್ಲಿ ಕೂತು ಲಾರಿಗಳಿಗೆ ಅಡ್ಡಪಟ್ಟಿ ಎತ್ತಿ ಇಳಿಸುತ್ತಾನೆ. ಅಲ್ಲಿಂದ ನೀರು ಕಾಣುವುದಿಲ್ಲ. ಕಾರಣ ಏನು ಅಂತ ಯಾರೂ ಹೇಳಲಿಲ್ಲ, ಅವನೂ ಕೇಳಲಿಲ್ಲ.

ಭಾನುವಾರ ಪೂಜೆ ಮುಗಿಸಿ ಇಗರ್ಜಿಯಿಂದ ಬರುವಾಗ ಅವನು ನಮ್ಮ ಮೆಟ್ಟಿಲ ಮೇಲೆ ಕೂತಿದ್ದ. ಪಕ್ಕದಲ್ಲಿ ಒಂದು ಬಕೆಟ್ ಸೀಗಡಿ. ಕೈಬಲೆ ಬೀಸಿ ಹಿಡಿದದ್ದಂತೆ. “ಅತ್ತಿಗೆ, ಒಳಗೆ ಬರ್ಲಾ, ಇಲ್ಲಿಂದ್ಲೇ ಹೋಗ್ಲಾ?” ಅಂದ. ನಾನು ಬಾಗಿಲು ತೆರೆದಿಟ್ಟು ಒಳಗೆ ಹೋದೆ, ಹಿಂದೆಯೇ ಬಂದ. ಸೀಗಡಿಯ ಸಿಪ್ಪೆ ಸುಲಿದುಕೊಟ್ಟ. ನಾನು ಹಿಟ್ಟನ್ನು ಕಪ್ಪಾಗುವಷ್ಟು ಹುರಿದು ಗಂಬೋ ಸಾರು ಮಾಡಿದೆ. ಬಹಳ ದಿನದ ಮೇಲೆ ದೊಡ್ಡ ಪಾತ್ರೆ ಒಲೆಯೇರಿತು. ನಿನ್ನ ಕುರ್ಚಿಯಲ್ಲಿ ಅವನು ಕೂರಲಿಲ್ಲ. ಸ್ಟೂಲು ಎಳೆದುಕೊಂಡ.

ಎರಡನೆಯ ಸಲ ಅನ್ನ ಹಾಕಿಸಿಕೊಂಡ ಮೇಲೆ ಹೇಳಿದ, “ಅವತ್ತು ನಾನು ಹೆಸರು ಹಿಡಿದು ಕೂಗಿದ್ದಿದ್ರೆ ಅಣ್ಣ ಎತ್ತುತ್ತಿದ್ದ, ಅತ್ತಿಗೆ.”

“ನಿಮ್ಮಣ್ಣನಾ? ಮದುವೆಯಾದಾಗಿಂದ ನಾನು ಹೆಸರು ಹಿಡಿದೇ ಕೂಗ್ತಾ ಇದ್ದೀನಿ. ಒಂದು ದಿನಾನೂ ಕೇಳಿಸಿಲ್ಲ” ಅಂದೆ.

ಅವನು ನಕ್ಕ. ನಗುತ್ತ ನಗುತ್ತಲೇ ಮುಖ ಮುಚ್ಚಿಕೊಂಡ. ಅಷ್ಟು ದೊಡ್ಡ ಗಂಡಸು, ಓವೀದ್. ನಾನು ಅವನ ಬೆನ್ನ ಮೇಲೆ ಕೈಯಿಟ್ಟೆ. ಇನ್ನೊಬ್ಬರ ಮೈಯ ಬಿಸಿ ನನ್ನ ಕೈಗೆ ತಾಗಿ ಎಷ್ಟು ಕಾಲವಾಗಿತ್ತು ಅಂತ ಆಗ ತಿಳಿಯಿತು.

ಹೊರಡುವಾಗ ಕೇಳಿದ, ಅಣ್ಣ ಹೇಗಿದ್ದಾನೆ ಅಂತ. ಚೆನ್ನಾಗಿದ್ದಾನೆ, ಆಗಾಗ ಬರೆಯುತ್ತಾನೆ, ಅಲ್ಲಿ ಸೀಗಡಿಯೂ ಚೆನ್ನಾಗಿ ಸಿಗುತ್ತಿದೆಯಂತೆ ಅಂದೆ. ಅವನ ಮುಖ ಹಗುರಾಯಿತು. “ನಾನು ಕೇಳ್ದೆ ಅಂತ ಬರೀರಿ” ಅಂದ. ಬರೆದಿದ್ದೇನೆ.

ಬಾ ಅಂತ ನಾನು ಬರೆಯುವುದಿಲ್ಲ. ಕಾಲುವೆಯಲ್ಲಿ ಹಡಗುಗಳು ಹೆಚ್ಚಾಗಿವೆ, ದೋಣಿಗಳು ಕಡಿಮೆಯಾಗಿವೆ, ಇದ್ದದ್ದು ಇದ್ದಂತೆ ಹೇಳುತ್ತಿದ್ದೇನೆ. ತಮ್ಮನನ್ನು ಕ್ಷಮಿಸು ಅಂತಲೂ ಹೇಳುವುದಿಲ್ಲ. ಅವನು ಅಷ್ಟು ಜನರ ಮುಂದೆ ನಿನ್ನನ್ನು ಅಣ್ಣ ಅಂದ ಅನ್ನುವುದು ನಿನಗೆ ತಿಳಿದಿರಲಿ, ಅಷ್ಟೇ. ಚಳಿ ಶುರುವಾಗಿದೆ. ಮೊಣಕಾಲಿಗೆ ಬಟ್ಟೆ ಸುತ್ತಿಕೋ.

ಇಂತಿ,
ಎಲ್ಲಿಗೆ ಅಂತ ಕೇಳಿದ ನಿನ್ನ
ಯೂಲಾ

ಮರೆತ ಮಾತು: ಓದೆತ್, ಇದು ನಿನಗೆ. ನೀನು ಲಕೋಟೆ ಒಡೆಯುತ್ತೀಯ ಅಂತ ಗೊತ್ತಿದ್ದೇ ಬರೆದೆ. ನಿನ್ನ ಅಣ್ಣ ಬೇಸಿಗೆಯಲ್ಲೇ ದೋಣಿ ಮಾರಿ ನಿಮ್ಮ ಮನೆಯಿಂದ ಹೊರಟುಹೋದ, ಎಲ್ಲಿಗೆ ಅಂತ ನಿಮಗೂ ಹೇಳಲಿಲ್ಲ ಅಂತ ನೀನು ಫೋನಿನಲ್ಲಿ ಅಂದದ್ದನ್ನು ನಾನು ವಿಲ್ಟನ್‌ಗೆ ಹೇಳಿಲ್ಲ. ನೀನೂ ಹೇಳಬೇಡ. ನಿನ್ನ ವಿಳಾಸ ಬಿಟ್ಟರೆ ಅವನದು ಅಂತ ನನ್ನ ಹತ್ತಿರ ಬೇರೆ ವಿಳಾಸವಿಲ್ಲ. ಹಿಂದಿನ ಕಾಗದಗಳ ಜೊತೆ ಇದನ್ನೂ ಇಟ್ಟಿರು. ಇಡುವ ಮುಂಚೆ ನೀನೊಮ್ಮೆ ಪೂರ್ತಿ ಓದು. ಯಾರಾದರೂ ಒಬ್ಬರು ಓದಿದರು ಅಂತಾಗಲಿ.