ಮರಳುಗುಡ್ಡದ ಹೊನಗೊನ್ನೆ

ವಿಲ್ಮಿಂಗ್ಟನ್, ನಾರ್ತ್ ಕೆರೊಲಿನಾ
೧೪ ಜೂನ್ ೨೦೨೩, ಬುಧವಾರ

ತಮ್ಮ ಈರಣ್ಣನಿಗೆ ನಿನ್ನ ಅಕ್ಕ ಮಾಡುವ ಆಶೀರ್ವಾದ.

ಮಂಡಿನೋವು ಹೇಗಿದೆ? ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದೀಯೋ, ಇಲ್ಲ ಬಾಟಲಿಯನ್ನು ಗೂಡಿನಲ್ಲಿಟ್ಟು ಪೂಜೆ ಮಾಡುತ್ತಿದ್ದೀಯೋ? ನಾನು ಚೆನ್ನಾಗಿದ್ದೇನೆ. ಪೊರೆ ತೆಗೆಸಿದ ಕಣ್ಣು ಈಗ ಎಷ್ಟು ಚುರುಕಾಗಿದೆಯೆಂದರೆ ನೋಡಬಾರದ್ದೆಲ್ಲ ಕಾಣಿಸುತ್ತದೆ. ಕುಶಲ ಇಲ್ಲಿಗೆ ಮುಗಿಯಿತು. ಇನ್ನು ಬೈಗುಳ. ಫೋನಿನಲ್ಲಿ ಬೈದರೆ ನೀನು ನೆಟ್‌ವರ್ಕ್ ಇಲ್ಲ ಎಂದು ಕಟ್ ಮಾಡುತ್ತೀಯ. ಅದಕ್ಕೇ ಕಾಗದದಲ್ಲಿ ಬರೆದು, ಫೋಟೋ ತೆಗೆಸಿ ವಾಟ್ಸಾಪಿನಲ್ಲಿ ಕಳಿಸುತ್ತಿದ್ದೇನೆ. ಪೂರ್ತಿ ಓದು.

ನಮ್ಮ ಮನೆ ಹಿಂದಿನ ಮರಳುಗುಡ್ಡ ನನಗೆ ಏನೆಂಬುದು ನಿನಗೆ ಗೊತ್ತು. ಮಗಳು ಶ್ರೀಲತಾ ನನ್ನನ್ನು ಇಲ್ಲಿಗೆ ಕರೆಸಿಕೊಂಡ ಮೊದಲ ಚಳಿಗಾಲದಲ್ಲಿ ಗೋಡೆ ನೋಡುತ್ತ ಕೂತಿದ್ದ ನನ್ನ ಕೈಹಿಡಿದು ಹೊರಗೆ ಎಳೆದದ್ದು ಆ ಗುಡ್ಡವೇ. ಜನವರಿಯಲ್ಲಿ ಓಕ್ ಮರಗಳೆಲ್ಲ ಬೋಳಾಗಿ, ತುದಿಯಲ್ಲಿ ನಿಂತರೆ ಸಮುದ್ರ ಕಾಣುತ್ತದೆ. ಫೆಬ್ರವರಿ ಕೊನೆಗೆ ಹಳದಿ ಹೂವಿನ ಬಳ್ಳಿ ಪೈನ್ ಮರವನ್ನು ಹತ್ತಿ, ಮರಕ್ಕೇ ಅರಿಶಿನ ಹಚ್ಚಿದಂತಿರುತ್ತದೆ. ಬೇಸಿಗೆಯಲ್ಲಿ ಬೆಳಗ್ಗೆ ಏಳರೊಳಗೆ ಹತ್ತಿ ಇಳಿಯಬೇಕು, ಇಲ್ಲವಾದರೆ ಸೊಳ್ಳೆ ನಮ್ಮನ್ನೇ ಹೊತ್ತುಕೊಂಡು ಹೋಗುತ್ತದೆ. ಹೋದ ವರ್ಷ ಮೇನಿಂದ ಅಕ್ಟೋಬರಿನವರೆಗೆ ನೀನೂ ನನ್ನ ಹಿಂದೆ ಪಂಚೆ ಎತ್ತಿಕಟ್ಟಿ ನಡೆದೆ. ನಡೆದದ್ದಷ್ಟೇ ಆಗಿದ್ದರೆ ಇವತ್ತು ಈ ಕಾಗದ ಇರುತ್ತಿರಲಿಲ್ಲ.

ಗುಡ್ಡ ನೋಡಿಕೊಳ್ಳುವ ಕ್ಯಾರೊಲ್ ನಿನಗೆ ನೆನಪಿರಬೇಕು, ಬಿಳಿ ಜಡೆಯವಳು. ನನ್ನ ಇಂಗ್ಲಿಷು ಕೇಳಿದರೆ ಅಷ್ಟಿಷ್ಟು ತಿಳಿಯುವಷ್ಟೇ ಇದ್ದರೂ ಶನಿವಾರ ಗುಡ್ಡದ ಕೆಲಸ ಮಾಡುವ ಗುಂಪಿಗೆ ಸೇರಿಸಿಕೊಂಡು ನನಗೊಂದು ಹಸಿರು ಟೋಪಿ ಕೊಟ್ಟಳು. ಗುಡ್ಡದ ಬುಡದ ಜೌಗಿನಲ್ಲಿರುವ ನೊಣ ಹಿಡಿಯುವ ಗಿಡಗಳನ್ನು ಅವಳು ಹೆತ್ತ ಮಕ್ಕಳಂತೆ ಕಾಯುತ್ತಾಳೆ. ಅಂಗೈಯಗಲದ ಗಿಡ, ಬಾಯಿ ತೆರೆದು ಕೂತಿರುತ್ತದೆ. ಇಡೀ ಭೂಮಿಯ ಮೇಲೆ ಅದು ತಾನಾಗಿ ಹುಟ್ಟುವುದು ಈ ಸೀಮೆಯಲ್ಲಿ ಮಾತ್ರ ಎಂದು ನಿನಗೂ ಹೇಳಿದ್ದಳು. ನೀನು ತಲೆಯಾಡಿಸಿದೆ. ತಲೆಯಾಡಿಸುವಾಗ ನಿನ್ನ ಕಣ್ಣು ಆ ಒದ್ದೆ ನೆಲದ ಮೇಲಿತ್ತು ಎಂದು ಈಗ ಅರ್ಥವಾಗುತ್ತಿದೆ.

ಕಳೆದ ತಿಂಗಳು ಅದೇ ಜೌಗಿನಲ್ಲಿ ಹೊನಗೊನ್ನೆ ಸೊಪ್ಪು. ನೆಲ ಕಾಣದಷ್ಟು. ಗೆಣ್ಣುಗೆಣ್ಣಿಗೂ ಬೇರು ಬಿಟ್ಟು ನೊಣದ ಗಿಡಗಳ ಮೇಲೆ ಚಾಪೆ ಹಾಸಿದಂತೆ ಮಲಗಿತ್ತು. ನಮ್ಮಜ್ಜಿ ಹೇಳುತ್ತಿದ್ದಳಲ್ಲ, ಜಗುಲಿ ಮೇಲೆ ಮಲಗಲು ಜಾಗ ಕೇಳಿದವನು ಬೆಳಗಾಗುವಷ್ಟರಲ್ಲಿ ಒಲೆ ಮುಂದೆ ಕೂತು ಮನೆ ಯಜಮಾನನನ್ನೇ ಯಾರಪ್ಪಾ ನೀನು ಎಂದು ಕೇಳಿದನಂತೆ, ಹಾಗೆ. ಈ ದೇಶಕ್ಕೆ ತರಲೇಬಾರದ ಗಿಡಗಳ ಪಟ್ಟಿಯಲ್ಲಿ ಅದೂ ಇದೆಯಂತೆ. ನಾಲ್ಕು ಶನಿವಾರ ಕೆಸರಿನಲ್ಲಿ ಕುಕ್ಕರಗಾಲಲ್ಲಿ ಕೂತು ಕಿತ್ತೆವು. ಕಿತ್ತಲ್ಲಿ ತುಂಡು ಉಳಿದು ಮತ್ತೆ ಚಿಗುರಿತು. ನೊಣದ ಗಿಡಗಳು ಬಿಳಿ ಹೂ ಬಿಡುವ ಕಾಲ ಇದು, ಅರ್ಧಕ್ಕರ್ಧ ಕೊಳೆತುಹೋಗಿವೆ. ಕ್ಯಾರೊಲ್ ಕಣ್ಣೀರು ಒರೆಸಿಕೊಂಡದ್ದನ್ನು ನೋಡಿ ನಾನು ಗಟ್ಟಿಯಾಗಿ, ಕನ್ನಡದಲ್ಲೇ, ಇದನ್ನು ನೆಟ್ಟವನ ಕೈಗೆ ಹುಳ ಬೀಳ ಎಂದು ಶಪಿಸಿದೆ.

ಹೋದ ಭಾನುವಾರ ನೀನು ವಿಡಿಯೋದಲ್ಲಿ ಹಲ್ಲು ಕಿರಿಯುತ್ತ ಕೇಳಿದೆ: “ಅಕ್ಕಾ, ಗುಡ್ಡದ ಬುಡುದಲ್ ನೆಟ್ಟಿದ್ನಲ್ಲ ಹೊನಗೊನ್ನೆ, ಈ ವರ್ಷಾನೂ ಚಿಗುರ್ತಾ? ನಿನ್ ಕಣ್ಗೆ ಒಳ್ಳೇದು ಅಂತ ತಂದಿದ್ದೆ ಕಣಕ್ಕ.” ಕಡ್ಡಿಗಳನ್ನು ಒದ್ದೆ ಬನಿಯನ್ನಿನಲ್ಲಿ ಸುತ್ತಿ ರಾಗಿಹಿಟ್ಟಿನ ಚೀಲದೊಳಗೆ ಹೂತು ತಂದೆನೆಂದು ಶೌರ್ಯ ಬೇರೆ ಹೇಳಿಕೊಂಡೆ. ಶ್ರೀಲತಾ ಪಕ್ಕದಲ್ಲೇ ಇದ್ದಳು. ಅವಳ ಕೈಲಿದ್ದ ಕಾಫಿ ಲೋಟ ಅಲ್ಲೇ ನಿಂತಿತು. ಊರಲ್ಲಿ ಯಾರ ಗದ್ದೆ ಬದುವಾದರೂ ಸೊಪ್ಪು ಎಲ್ಲರದು, ಕುಯ್ದರೂ ಯಾರೂ ಕೇಳರು, ಊರಿದರೂ ಯಾರೂ ಕೇಳರು. ಆ ಲೆಕ್ಕವನ್ನು ಇಲ್ಲಿಗೂ ಹೊತ್ತು ತಂದೆಯಲ್ಲ, ಮುಟ್ಠಾಳ. ನನ್ನ ಕಣ್ಣಿನ ಹೆಸರಲ್ಲಿ ಗುಡ್ಡದ ಕಣ್ಣು ಕಿತ್ತೆ.

ಈಗ ಜೌಗಿನ ದಾರಿಗೆ ಹಗ್ಗ ಕಟ್ಟಿದ್ದಾರೆ. ಇನ್ನೂ ಎಲ್ಲಿಂದಲೋ ಹಬ್ಬುತ್ತಿದೆ, ಮೂಲ ಸಿಗದಿದ್ದರೆ ಇಡೀ ಗುಡ್ಡವನ್ನೇ ಮುಚ್ಚಬೇಕಾಗುತ್ತದೆ ಎಂದು ಕ್ಯಾರೊಲ್ ಹೇಳಿದ್ದಾಳೆ. ಶ್ರೀಲತಾ ಮಾತ್ರ ಒಂದೇ ಹಟ: “ಅಮ್ಮ, ಯಾರ್ ಹತ್ರಾನೂ ಬಾಯ್ ಬಿಡ್ಬೇಡ. ನಿನ್ ಗ್ರೀನ್ ಕಾರ್ಡ್ ಇನ್ನೂ ಪೆಂಡಿಂಗ್ ಇದೆ. ಸುಮ್ನೆ ಪ್ರಾಬ್ಲಮ್ ಕ್ರಿಯೇಟ್ ಮಾಡ್ಕೋಬೇಡ. ಮಾವ ಊರಲ್ಲಿದಾರೆ, ಆರಾಮಾಗಿ.” ಅವಳ ಹೆದರಿಕೆ ಸುಳ್ಳಲ್ಲ. ಆದರೆ ನನ್ನ ತಲೆಗೆ ಟೋಪಿ ಇಟ್ಟವಳ ಪಕ್ಕದಲ್ಲಿ ಕೂತು, ಅವಳ ಜೊತೆಗೇ ಯಾರಿರಬಹುದು ಯಾರಿರಬಹುದು ಎಂದು ಹುಡುಕುವ ನಾಟಕ ನನ್ನಿಂದಾಗದು. ಈ ಶನಿವಾರ ಹೇಳಿಬಿಡುತ್ತೇನೆ. ಬಂದದ್ದು ಬರಲಿ.

ಊರಲ್ಲಿ ಎಲ್ಲರಿಗೂ ನನ್ನ ಆಶೀರ್ವಾದ ತಿಳಿಸು. ನಿನಗೂ ಇದೆ, ಆದರೆ ಸಿಟ್ಟು ಇಳಿಯುವವರೆಗೆ ಅದು ನನ್ನ ಹತ್ತಿರವೇ ಇರಲಿ. ಮಂಡಿಗೆ ಎಣ್ಣೆ ಹಚ್ಚು.

ನಿನ್ನ ಅಕ್ಕ,
ಮಲ್ಲಮ್ಮ

ಮರೆತದ್ದು: ಎಲ್ಲೆಲ್ಲಿ ನೆಟ್ಟೆ ಎಂದು ಒಂದು ಚೀಟಿಯಲ್ಲಿ ಗುಡ್ಡ ಬರೆದು ಗುರುತು ಹಾಕಿ ಶುಕ್ರವಾರದೊಳಗೆ ಕಳಿಸು. ಮರೆತದ್ದಲ್ಲ, ಹೇಳಲಾಗದೆ ಉಳಿಸಿಕೊಂಡದ್ದು ಇನ್ನೊಂದಿದೆ. ಹೋದ ಜುಲೈಯಲ್ಲಿ ನೀನು ಒಂದು ಹಿಡಿ ಹೊನಗೊನ್ನೆ ತಂದು, ಇಂಡಿಯನ್ ಸ್ಟೋರಿನಲ್ಲಿ ಸಿಕ್ಕಿತು ಎಂದೆಯಲ್ಲ. ಬೇರಿಗೆ ಮರಳು ಅಂಟಿತ್ತು, ಸಕ್ಕರೆಯಂಥ ಬಿಳಿ ಮರಳು. ಅದು ಎಲ್ಲಿಯದೆಂದು ನನಗೆ ಆವತ್ತೇ ಗೊತ್ತಾಯಿತು. ಆದರೂ ನಾನೇ ಮೂರು ನೀರಿನಲ್ಲಿ ತೊಳೆದು, ಬಸ್ಸಾರು ಮಾಡಿ, ಎರಡು ಮುದ್ದೆ ಉಂಡೆ. ಶನಿವಾರ ಮೊದಲು ನನ್ನ ಹೆಸರು ಹೇಳುತ್ತೇನೆ, ಆಮೇಲೆ ನಿನ್ನದು.