ಗಾಳಿ ನೋಡುವ ವಿಭೂತಿ

ಮಾವ,

ನಿಮ್ಮ ಮೂಗು ಬರೆಯುತ್ತಿದ್ದೇನೆ. ಬೇರೆ ಯಾರಾದರೂ ಈ ಸಾಲು ಓದಿದರೆ ಇವನಿಗೆ ತಲೆ ಕೆಟ್ಟಿದೆ ಎಂದುಕೊಂಡಾರು. ನಿಮಗೆ ಮಾತ್ರ ಗೊತ್ತು. ಟೆಲಿಫೋನ್ ಕಂಬದಿಂದ ಬಿದ್ದು ತಲೆಗೆ ಪೆಟ್ಟಾದ ಮೇಲೆ ನಿಮಗೆ ಯಾವ ವಾಸನೆಯೂ ತಿಳಿಯುತ್ತಿರಲಿಲ್ಲ. ಒಲೆ ಮೇಲಿನ ಸಾರು ಸೀದರೂ ಅತ್ತೆಯೇ ಬಂದು ಹೇಳಬೇಕಿತ್ತು. ನಾನು ಅತ್ತೆಯ ಅಣ್ಣನ ಮಗ ಎಂದು ಪರಿಚಯಿಸಿದ್ದರೆ ಸಾಕಾಗಿತ್ತು, ಆದರೆ ನೀವು ಮನೆಗೆ ಬಂದವರ ಮುಂದೆಲ್ಲ, "ಇವನು ನನ್ನ ಮೂಗು. ಮೂಡಲಪಾಳ್ಯದಲ್ಲಿ ಬಾಡಿಗೆಗಿದೆ" ಎನ್ನುತ್ತಿದ್ದಿರಿ. ಆ ಮೂಗು ನಿಮಗೆ ಒಂದು ಸುಳ್ಳು ಹೇಳಿತ್ತು. ನೀವು ಹೋಗಿ ವರ್ಷ ತುಂಬಿದ ಮೇಲೆ ಈಗ ಒಪ್ಪಿಕೊಳ್ಳುತ್ತಿದ್ದೇನೆ. ಬದುಕಿದ್ದಾಗ ಹೇಳುವ ಧೈರ್ಯ ಬರಲಿಲ್ಲ.

ಮೊದಲ ಸಲ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿದ್ದು ನೆನಪಿದೆಯೇ? ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ವಾರವಿಡೀ ಲೇತ್ ಮುಂದೆ ನಿಂತು, ಭಾನುವಾರ ನಿಮ್ಮ ಚಂದ್ರಾ ಲೇಔಟಿನ ಮನೆಗೆ ಬಂದಿದ್ದೆ. ರಿಟೈರ್ ಆದ ಮೇಲೆ ನಿಮಗೆ ಕಡವೆಯ ಫೋಟೊ ತೆಗೆಯುವ ಹುಚ್ಚು ಹಿಡಿದಿತ್ತು. ಜೊತೆಗೆ ಬಾ ಎಂದಿದ್ದಿರಿ. ನಾನು ಒಳ್ಳೆಯ ಷರಟು ಹಾಕಿ, ಪೌಡರ್ ಬಳಿದುಕೊಂಡು ಬಂದರೆ, ನೀವು ನನ್ನ ಕೈ ಹಿಡಿದು ಉಗುರು ನೋಡಿದಿರಿ.

"ಏನೋ ಇದು, ಎಣ್ಣೆ?"

"ಮೆಷೀನ್ ಎಣ್ಣೆ ಮಾವ. ಎಷ್ಟು ತೊಳೆದ್ರೂ ಹೋಗಲ್ಲ."

"ನಂಗೆ ಮೂಗಿಲ್ಲ, ನಿಂಗೆ ಅಭ್ಯಾಸ ಆಗ್ಬಿಟ್ಟಿದೆ. ಕಡವೆ ಹಂಗಲ್ಲ ಕಣೋ, ಆ ಗುಡ್ಡದಿಂದಾನೇ ಕಂಡುಹಿಡಿಯುತ್ತೆ. ಹೋಗು, ಬೂದಿ ಹಾಕಿ ತಿಕ್ಕು."

ಹಿತ್ತಲಲ್ಲಿ ಕೂತು ಬೂದಿ, ಅಂಟುವಾಳಕಾಯಿ ಎರಡೂ ಹಾಕಿ ಚರ್ಮ ಸುಲಿಯುವಷ್ಟು ತಿಕ್ಕಿದೆ. ಆವತ್ತು ನಾವು ಹೋಗಲೇ ಇಲ್ಲ. ಪೌಡರಿನ ವಾಸನೆ ಇಳಿಯಲು ಇನ್ನೂ ಒಂದು ವಾರ ಬೇಕು ಎಂದು ನೀವು ತೀರ್ಪು ಕೊಟ್ಟಿರಿ.

ಹೊರಡುವ ಎರಡು ದಿನ ಮುಂಚೆಯೇ ನಿಮ್ಮ ವ್ರತ ಶುರುವಾಗುತ್ತಿತ್ತು. ಸೋಪಿಲ್ಲ, ತಲೆಗೆ ಎಣ್ಣೆಯಿಲ್ಲ, ಈರುಳ್ಳಿ ಬೆಳ್ಳುಳ್ಳಿ ಇಲ್ಲ, ಕಾಫಿ ಕೂಡ ಇಲ್ಲ. ಬಟ್ಟೆಯನ್ನು ಬರೀ ನೀರಲ್ಲಿ ಜಾಲಾಡಿ, ತಾರಸಿಯ ಮೇಲೆ ಒಣಗಿಸಿ, ಒಂದು ಗೋಣಿಚೀಲಕ್ಕೆ ತುಂಬುತ್ತಿದ್ದಿರಿ. ಆ ಚೀಲದಲ್ಲಿ ಕೆರೆದಂಡೆಯ ಮಣ್ಣು, ಒಣಗಿದ ತಂಗಡಿ ಸೊಪ್ಪು. ಹೊರಡುವ ದಿನ ಮನೆಯಲ್ಲಿ ಊದಿನಕಡ್ಡಿ ಹಚ್ಚುವಂತಿರಲಿಲ್ಲ. ಅತ್ತೆ ಬಾಗಿಲಿಗೆ ಒರಗಿ ನಿಂತು, "ಮದ್ವೆಗೂ ಇಷ್ಟು ಮಡಿ ಮಾಡ್ಲಿಲ್ಲ ಕಣೋ ನಿಮ್ಮ ಮಾವ. ತಾಳಿ ಕಟ್ಟೋವಾಗ ಬೀಡಿ ವಾಸನೆ ಹೊಡೀತಿದ್ರು" ಎನ್ನುತ್ತಿದ್ದರು. ಕೊನೆಗೆ ನನ್ನ ಕೆಲಸ. ನಿಮ್ಮ ಕುತ್ತಿಗೆ, ತೋಳು, ಬೆನ್ನು ಎಲ್ಲ ಮೂಸಿ ನೋಡಿ "ಏನೂ ಇಲ್ಲ ಮಾವ" ಎನ್ನಬೇಕು. ಬಟ್ಟೆ ಒಣಹಾಕುತ್ತಿದ್ದ ಎದುರುಮನೆ ಆಂಟಿ ಒಮ್ಮೆ, "ಏನ್ ಸಾರ್, ಅಳಿಯಂಗೆ ಹೊಸ ಸೆಂಟು ತೋರಿಸ್ತಿದೀರಾ?" ಎಂದು ಕೇಳಿದಾಗ ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತ್ತು. ನೀವು ಮಾತ್ರ ಗಂಭೀರವಾಗಿ, "ಇಲ್ಲಮ್ಮ, ಪರೀಕ್ಷೆ ನಡೀತಿದೆ" ಎಂದಿರಿ.

ಕೆಂಗೇರಿ ದಾಟಿ ರಾಮೋಹಳ್ಳಿ ಕಡೆಗೆ ತಿರುಗಿದ ಕೂಡಲೇ ನಿಮ್ಮ ಬೆನ್ನು ನೆಟ್ಟಗಾಗುತ್ತಿತ್ತು. ಸ್ಕೂಟರಿನ ಹಿಂದೆ ಕೂತ ನನಗೆ ಅದು ಚೆನ್ನಾಗಿ ಗೊತ್ತಾಗುತ್ತಿತ್ತು. ಮಂಚನಬೆಲೆ ಕಳೆದು, ಕಾಡಿನ ಅಂಚಿನಲ್ಲಿ ಗಂಗಣ್ಣನ ಹೊಲ. ಫೋನಿನ ತಂತಿ ಎಳೆಯಲು ಹೋದ ಕಾಲದಿಂದ ಅವರು ನಿಮಗೆ ಪರಿಚಯ. ಪೆಟ್ರೋಲ್ ವಾಸನೆ ಮುಟ್ಟದಿರಲೆಂದು ಸ್ಕೂಟರನ್ನು ಒಂದು ಮೈಲಿ ದೂರದಲ್ಲೇ ಬಿಟ್ಟು, ಗೋಣಿಚೀಲದ ಬಟ್ಟೆ ತೊಟ್ಟು ನಡೆಯುತ್ತಿದ್ದೆವು. ಹೊಲದ ಮೂಲೆಯ ಪುಟ್ಟ ಕಟ್ಟೆಗೆ ಬೇಸಿಗೆಯಲ್ಲಿ ಕಡವೆಗಳು ಇಳಿಹೊತ್ತಿಗೆ ನೀರಿಗೆ ಬರುತ್ತಿದ್ದವು. ಅದರ ಎದುರಿಗೆ, ನೆಲದ ಮೇಲೆಯೇ, ಹೊಂಗೆ ಸೊಪ್ಪು ಹೊದಿಸಿದ ನಿಮ್ಮ ಮರೆ. ಇಬ್ಬರು ಮಂಡಿ ಮಡಚಿ ಕೂರುವಷ್ಟು ಜಾಗ. ಮರದ ಮೇಲೆ ಕೂತರೆ ನಮ್ಮ ವಾಸನೆ ಅವುಗಳ ತಲೆ ಮೇಲಿಂದ ಹೋಗುವುದಿಲ್ಲವೇ ಎಂದು ಕೇಳಿದ್ದಕ್ಕೆ, "ಹೋಗುತ್ತೆ. ಆದ್ರೆ ನಾನು ಇನ್ನೊಂದ್ಸಲ ಬಿದ್ರೆ ಕಿವೀನೂ ಹೋಗುತ್ತೆ" ಎಂದಿದ್ದಿರಿ.

ಆ ಮರೆಯ ಮುಂದೆ ನಿಂತು ನೀವು ಸೊಂಟದಿಂದ ಬಟ್ಟೆಯ ಪುಟ್ಟ ಚೀಲ ತೆಗೆಯುತ್ತಿದ್ದುದು ಈಗಲೂ ಕಣ್ಣಿಗೆ ಕಟ್ಟಿದೆ. ಅದರಲ್ಲಿ ಪುಡಿ ಮಾಡಿದ ವಿಭೂತಿ. ಒಂದು ಚಿಟಿಕೆ ಎತ್ತಿ ಮೇಲಿಂದ ಬಿಡುತ್ತಿದ್ದಿರಿ. ಅದು ನಮ್ಮ ಕಡೆಗೆ ತೇಲಿ ಬಂದರೆ ಗಾಳಿ ಸರಿ, ಕಟ್ಟೆಯ ಕಡೆಗೆ ಹೋದರೆ ಆ ದಿನ ವಾಪಸು. ನೀರಿನ ಅಂಚಿನಲ್ಲಿ ಗಾಳಿಯ ಆಟವೇ ಬೇರೆ ಎಂದು ದಂಡೆಗೂ ಹೋಗಿ ಮೂರು ನಾಲ್ಕು ಕಡೆ ಬಿಟ್ಟು ನೋಡುತ್ತಿದ್ದಿರಿ. ದೇವರ ವಿಭೂತಿಯನ್ನು ಹೀಗೆ ಚೆಲ್ಲಬಹುದೇ ಎಂದು ನನಗೆ ಒಳಗೊಳಗೇ ಅಳುಕು. "ಸಗಣಿ ಸುಟ್ಟ ಬೂದಿ ಕಣೋ. ಇಲ್ಲಿ ದನ ಮೇಯ್ತವೆ, ಕಡವೆ ಇದಕ್ಕೆ ಹೆದರಲ್ಲ. ಶಿವನೂ ಬೇಜಾರು ಮಾಡ್ಕೊಳಲ್ಲ" ಎಂದು ಹೇಳಿ ನೀವೇ ಅಳುಕು ಕಳೆದಿರಿ.

ಇಷ್ಟೆಲ್ಲ ಒಂದು ಫೋಟೊಗಾಗಿಯೇ ಎಂದು ನಾನು ಕೇಳಿದ್ದು ಎರಡನೆಯ ಬೇಸಿಗೆಯಲ್ಲಿ. ನೀವು ಪಿಸುಮಾತಿನಲ್ಲಿ ಹೇಳಿದಿರಿ. ನಿಮಗೆ ಹದಿನೆಂಟು. ಊರಿನಲ್ಲಿ ಜೋಳದ ಬೆಳೆ ಕಾಯಲು ಅಪ್ಪನ ಕೋವಿ. ಬೇಟೆಯವನೊಬ್ಬ ಗಾಳಿಯನ್ನು ಎದುರಿಗಿಟ್ಟು ಕೂರುವುದನ್ನು ಕಲಿಸಿಕೊಟ್ಟಿದ್ದ. ಹಳ್ಳಕ್ಕೆ ಒಂದು ಗಂಡು ಕಡವೆ ಬಂತು, ನೀವು ಹೊಡೆದಿರಿ. ಮನೆಯಲ್ಲಿ ಯಾರೂ ಮಾಂಸ ಮುಟ್ಟುವವರಲ್ಲ. ಅಜ್ಜಿ ಒಂದು ತಿಂಗಳು ನಿಮ್ಮನ್ನು ದೇವರ ಕೋಣೆಗೆ ಸೇರಿಸಲಿಲ್ಲವಂತೆ. "ಅದು ಇನ್ನೂ ನೀರಿಗೆ ಬಾಯಿ ಇಟ್ಟಿರ್ಲಿಲ್ಲ ಕಣೋ" ಎಂದಿರಿ. "ನಾನಿರೋದು ಅದಕ್ಕೆ ಗೊತ್ತೇ ಇರ್ಲಿಲ್ಲ. ತಿನ್ನೋರಾಗಿದ್ರೆ ಹಸಿವು ಅನ್ನಬಹುದಿತ್ತು. ನಾನ್ಯಾಕೆ ಹೊಡೆದೆ? ಹಂಗೇ ಕೂತು, ಒಂದೇ ಒಂದ್ಸಲ, ಒಂದು ಕಡವೆ ಹೊಟ್ಟೆ ತುಂಬ ನೀರು ಕುಡಿದು ತನ್ನ ಪಾಡಿಗೆ ಹೋಗೋದನ್ನ ನೋಡ್ಬೇಕು. ಫೋಟೊ ಸಿಕ್ಕಿದ್ರೆ ಸಿಗ್ಲಿ." ಆಮೇಲೆ ನಾನು ಯಾವತ್ತೂ ಆ ಪ್ರಶ್ನೆ ಕೇಳಲಿಲ್ಲ. ಬೂದಿ ಹಾಕಿ ಉಗುರು ತಿಕ್ಕುವಾಗ ಗೊಣಗುವುದನ್ನೂ ಬಿಟ್ಟೆ.

ಇನ್ನು ಆ ಕೊನೆಯ ಭಾನುವಾರ... ಮೇ ತಿಂಗಳ ಕೊನೆ. ಎರಡು ದಿನಗಳಿಂದ ಮೋಡ ಕಟ್ಟುತ್ತಿತ್ತು. ಮಳೆ ಬಿದ್ದು ಕಾಡಲ್ಲೆಲ್ಲ ನೀರು ನಿಂತರೆ ಕಟ್ಟೆಗೆ ಯಾವ ಕಡವೆಯೂ ಬರುವುದಿಲ್ಲ, ಮತ್ತೆ ಮುಂದಿನ ವರ್ಷವೇ. ನನಗೆ ಶುಕ್ರವಾರದಿಂದಲೇ ನೆಗಡಿ, ಮೂಗು ಪೂರ್ತಿ ಕಟ್ಟಿತ್ತು. ನೆಗಡಿಯಾದರೆ ಹೋಗುವಂತಿಲ್ಲ ಎಂಬುದು ನೀವೇ ಮಾಡಿದ ನಿಯಮ. ಆದರೆ ಬೆಳಿಗ್ಗೆಯೇ ಗೋಣಿಚೀಲ ಕಟ್ಟಿ ಜಗಲಿಯ ಮೇಲಿಟ್ಟು ಕಾಯುತ್ತಿದ್ದ ನಿಮ್ಮ ಮುಖ ನೋಡಿದ ಮೇಲೆ ಹೇಗೆ ಹೇಳಲಿ? ದಾರಿಯಲ್ಲೇ ಒಂದು ಮಾತ್ರೆ ನುಂಗಿ ಬಂದಿದ್ದೆ. ಚೀಲದಲ್ಲಿ ವಿಭೂತಿ ಮುಗಿದಿದೆ, ತುಂಬಿಸಿಕೊಂಡು ಬಾ ಎಂದಿರಿ. ದೇವರ ಕೋಣೆಯಲ್ಲಿ, ಅತ್ತೆ ಹಿಂದಿನ ವಾರ ಯಾತ್ರೆಯಿಂದ ತಂದ ಪೊಟ್ಟಣವಿತ್ತು. ನುಣ್ಣನೆಯ ಪುಡಿ, ಕುಟ್ಟುವ ಕೆಲಸವೂ ಇಲ್ಲ. ಅದನ್ನೇ ಸುರಿದೆ. ಆಮೇಲೆ ನಿಮ್ಮ ಕುತ್ತಿಗೆಗೆ ಮೂಗು ಹಿಡಿದು, ಏನೂ ತಿಳಿಯದೆಯೇ, "ಏನೂ ಇಲ್ಲ ಮಾವ" ಎಂದೆ. ಹೇಳಿದ್ದೆನಲ್ಲ, ಒಂದು ಸುಳ್ಳು ಎಂದು. ಇದೇ ಅದು.

ಮೋಡದಿಂದಾಗಿ ಅವತ್ತು ಗಾಳಿ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ನೀವು ದಂಡೆಯುದ್ದಕ್ಕೂ ಚಿಟಿಕೆ ಚಿಟಿಕೆ ವಿಭೂತಿ ಬಿಟ್ಟು ನೋಡಿದಿರಿ. ಕೊನೆಗೂ ಅದು ನಮ್ಮ ಕಡೆಗೇ ತೇಲಿ ಬಂತು. ಸಂಜೆ ಐದರ ಹೊತ್ತಿಗೆ ಲಂಟಾನದ ಪೊದೆ ಸರಿಸಿ ಗಂಡು ಕಡವೆ ಹೊರಬಂತು. ಹಳೆಯ ಕೊಂಬು ಉದುರಿ, ಮಖಮಲ್ಲು ಹೊದ್ದ ಹೊಸ ಕೊಂಬು ಮೊಳೆಯುತ್ತಿತ್ತು. ನೀವು ನನ್ನ ಮಂಡಿಯನ್ನು ಗಟ್ಟಿಯಾಗಿ ಹಿಡಿದಿರಿ. ನೀರಿಗೆ ಇನ್ನು ನಾಲ್ಕೇ ಹೆಜ್ಜೆ. ಅದು ದಂಡೆಯ ಮೇಲೆ ಮೂತಿ ಇಳಿಸಿತು, ಥಟ್ಟನೆ ತಲೆ ಎತ್ತಿತು, ಮುಂಗಾಲನ್ನು ನೆಲಕ್ಕೆ ಅಪ್ಪಳಿಸಿ ಒಮ್ಮೆ ಕೂಗಿ ಕಾಡಿಗೆ ನುಗ್ಗಿತು. ನೀವು ಕ್ಯಾಮೆರಾವನ್ನು ಮೆಲ್ಲಗೆ ಚೀಲಕ್ಕೆ ಹಾಕಿದಿರಿ.

"ಗಾಳಿ ಸರಿಯಾಗೇ ಇತ್ತು" ಎಂದಿರಿ. "ನೀನೂ ನೋಡಿದ್ದೆ, ನಾನೂ ನೋಡಿದ್ದೆ. ಸೋಪಿನ ವಾಸನೆ, ಎಣ್ಣೆ ವಾಸನೆ ಎಲ್ಲ ತೊಳೀಬಹುದು ಕಣೋ. ಕೊಂದೋನ ಮೈ ವಾಸನೆ ಅವಕ್ಕೆ ಗೊತ್ತಾಗ್ಬಿಡುತ್ತೆ. ಸಾಕು ಬಿಡು ಇನ್ನು."

ವಾಪಸು ಬರುವಾಗ ರಾಮೋಹಳ್ಳಿಯಲ್ಲಿ ಮಳೆ ಹಿಡಿಯಿತು. ನೀವು ಸ್ಕೂಟರ್ ನಿಲ್ಲಿಸದೆ ನೆನೆಯುತ್ತಲೇ ಮನೆಗೆ ಬಂದಿರಿ.

ಬುಧವಾರ ನನ್ನ ಮೂಗು ಬಿಟ್ಟಿತು. ನಿಮ್ಮ ಮನೆಗೆ ಬಂದಾಗ ಆ ಬಟ್ಟೆಯ ಚೀಲ ಕ್ಯಾಮೆರಾದ ಪಕ್ಕದಲ್ಲೇ ಇತ್ತು. ಎತ್ತಿಕೊಂಡರೆ ಘಮ್ಮೆಂದು ಶ್ರೀಗಂಧ, ಗುಲಾಬಿ. ಯಾತ್ರೆಯ ಅಂಗಡಿಯವರು ವಿಭೂತಿಗೆ ಅತ್ತರು ಬೆರೆಸಿದ್ದರು. ಮೂಗಿಲ್ಲದ ನೀವು, ಮೂಗು ಕಟ್ಟಿದ ನಾನು, ಇಬ್ಬರೂ ಸೇರಿ ಕಡವೆಯ ದಾರಿಯುದ್ದಕ್ಕೂ ಅತ್ತರು ಉದುರಿಸಿ ಬಂದಿದ್ದೆವು. ಬೇರೆ ಯಾರ ಕಥೆಯಾಗಿದ್ದರೂ ಬಿದ್ದು ಬಿದ್ದು ನಗುತ್ತಿದ್ದೆ. ಅಲ್ಲೇ, ಆಗಲೇ ಹೇಳಬೇಕಿತ್ತು. ನೀವು ಬೈಯುತ್ತಿದ್ದಿರಿ, ಆಮೇಲೆ ನಗುತ್ತಿದ್ದಿರಿ, ಮುಂದಿನ ಬೇಸಿಗೆಗೆ ಸೊಪ್ಪು ಕಡಿಯುತ್ತಿದ್ದಿರಿ. ಆದರೆ ನನ್ನ ಮಾತು ನಂಬಿ ಹೊರಟವರಿಗೆ ನಾನು ಮೂಸಿದ್ದೇ ಸುಳ್ಳು ಎಂದು ಹೇಗೆ... ಬರುವ ಭಾನುವಾರ ಹೇಳಿದರಾಯಿತು ಎಂದುಕೊಂಡೆ. ಅಷ್ಟರಲ್ಲಿ ಕ್ಯಾಮೆರಾ ಬೀರು ಸೇರಿತು. ಮುಂದಿನ ಬೇಸಿಗೆ ಬಂತು, ನೀವು ಹೊರಡಲಿಲ್ಲ. ಅದರ ಮುಂದಿನ ಬೇಸಿಗೆಗೆ ನೀವೇ ಇರಲಿಲ್ಲ. ಮಾಡದ ತಪ್ಪನ್ನು ಮೈಮೇಲೆ ಹೊತ್ತು ಹೋದಿರಿ ಮಾವ, ನನ್ನ ಹೇಡಿತನದಿಂದ. ಇದನ್ನು ಯಾವ ಬೂದಿ ಹಾಕಿ ತಿಕ್ಕಲಿ?

ನಿಮ್ಮ ವರ್ಷದ ಪೂಜೆ ಮುಗಿದು ನೆಂಟರೆಲ್ಲ ಹೊರಟ ಮೇಲೆ ಅತ್ತೆಗೆ ಎಲ್ಲ ಹೇಳಿಬಿಟ್ಟೆ. ಊಟದ ಎಲೆ ಮಡಚುತ್ತಿದ್ದ ಅವರು ಕೈಯಲ್ಲಿದ್ದುದನ್ನು ಕೆಳಗಿಟ್ಟು ಕೂತರು. ನೆಗಡಿಯ ವಿಷಯಕ್ಕೆ ಬೈಯುತ್ತಾರೆ ಎಂದುಕೊಂಡಿದ್ದೆ.

"ಆ ಪೊಟ್ಟಣ ತಂದಿದ್ದು ನಾನಲ್ವೇನೋ" ಎಂದರು. "ಕಡವೆ ಹೆದರ್ಕೊಳ್ತು ಅಂತ ಅವ್ರು ಒಂದೂವರೆ ವರ್ಷ ರಾತ್ರಿ ಎದ್ದೆದ್ದು ಕೂರೋರು. ನಾನು ಸಕ್ಕರೆ ಕಾಯಿಲೆ ಅಂದ್ಕೊಂಡಿದ್ದೆ."

ಸೆರಗಲ್ಲಿ ಮುಖ ಒರೆಸಿಕೊಂಡು, "ನನ್ನ ಕರ್ಕೊಂಡು ಹೋಗೋ ಅಲ್ಲಿಗೆ" ಎಂದರು.

ನಿಮಗೆ ಗೊತ್ತಿಲ್ಲದ ಸುದ್ದಿ ಇದೇ. ಬೇಸಿಗೆ ಬರುವವರೆಗೆ ಕಾದು, ಕಳೆದ ಭಾನುವಾರ ಅತ್ತೆ ಬಂದರು. ಎರಡು ದಿನ ಕಾಫಿ ಬಿಟ್ಟು, ತಲೆಗೆ ಎಣ್ಣೆ ಬಿಟ್ಟು, ಊದಿನಕಡ್ಡಿ ಬಿಟ್ಟು, ದಾರಿಯುದ್ದಕ್ಕೂ ನನಗೆ ಬೈದುಕೊಂಡೇ ಬಂದರು. ಗಟ್ಟಿ ವಿಭೂತಿಯನ್ನು ಒರಳಲ್ಲಿ ತಾವೇ ಕುಟ್ಟಿದ್ದರು. ನಾನು ಮೂರು ಸಲ ಮೂಸಿ ನೋಡಿದೆ. ಗಂಗಣ್ಣ ಹೊಸ ಸೊಪ್ಪು ಹೊದಿಸಿಕೊಟ್ಟಿದ್ದರು. ಗಾಳಿ ನಮ್ಮ ಮುಖಕ್ಕೇ ಇತ್ತು. ಎರಡು ಗಂಟೆ ಅತ್ತೆ ಅಲುಗಾಡಲಿಲ್ಲ; ನಾನೇ ಅಲುಗಾಡಿ ಗಿಲ್ಲಿಸಿಕೊಂಡೆ.

ಇಳಿಹೊತ್ತಿಗೆ ಒಂದು ಗಂಡು ಕಡವೆ ಬಂತು ಮಾವ. ಅದೇ ಕಡವೆಯೋ ಬೇರೆಯೋ, ನನಗೆ ಗೊತ್ತಿಲ್ಲ. ದಂಡೆಯ ಮೇಲೆ ನಿಂತು ಮೂಗು ಅರಳಿಸಿತು, ಕಿವಿ ತಿರುಗಿಸಿತು, ನೀರಿಗೆ ಬಾಯಿ ಇಟ್ಟಿತು. ಕುಡಿಯಿತು. ಗುಟುಕು ಗಂಟಲಿಗೆ ಇಳಿಯುವುದು ಕಾಣುವಷ್ಟು ಹತ್ತಿರ ಇದ್ದೆವು. ತಲೆ ಎತ್ತಿ ಮತ್ತೆ ಕುಡಿಯಿತು. ನಾನು ನಿಮ್ಮ ಕ್ಯಾಮೆರಾವನ್ನು ಕಣ್ಣಿಗೆ ಹಿಡಿದು ಇನ್ನೇನು ಒತ್ತಬೇಕು, ಅಷ್ಟರಲ್ಲಿ ಅತ್ತೆ ಪಕ್ಕಕ್ಕೆ ತಿರುಗಿ, ಅಡುಗೆಮನೆಯಿಂದ ಕರೆಯುವಷ್ಟು ಜೋರಾಗಿ ಹೇಳಿಬಿಟ್ಟರು.

"ರೀ, ಬಂತು ನೋಡ್ರಿ."

ಪಕ್ಕದಲ್ಲಿದ್ದವನು ನಾನು. ಅತ್ತೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ನಾನೂ ಅವರೂ ಅಲ್ಲೇ ಅಳುತ್ತ ಕೂತೆವು.

ಫೋಟೊ ಸಿಗಲಿಲ್ಲ. ಆದರೆ ಅದು ಹೊಟ್ಟೆ ತುಂಬ ಕುಡಿದಿತ್ತು, ಅದಕ್ಕೆ ನಾವಿಬ್ಬರೂ ಸಾಕ್ಷಿ. ನಿಮ್ಮ ಮೈಯಲ್ಲಿ ಯಾವ ವಾಸನೆಯೂ ಇರಲಿಲ್ಲ ಮಾವ, ಯಾವತ್ತೂ ಇರಲಿಲ್ಲ. ಈ ಸಲ ಕಡವೆ ಓಡಿದ್ದು, ಅತ್ತೆ ನಿಮ್ಮನ್ನು ಕರೆದ ದನಿಗೆ.